ರಾಕೆಟ್ ಫೋಟೊ ದೊಡ್ಡದಾಯಿತು, ಸಿಲಬಸ್ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಬಾಹ್ಯಾಕಾಶ ಕೋರ್ಸುಗಳ ಬಗ್ಗೆ ಅರ್ಧ ಪುಟ ಬಂದಿತ್ತು. ಬಂದ ದಿನವೇ ನನ್ನ ಅಂಗಡಿಯಲ್ಲಿ ಅದರ 17 ಜೆರಾಕ್ಸ್ ಹೋದವು. ಮಂಡ್ಯದಲ್ಲಿ ಒಂದು ಕಾಲೇಜಿನ ಎದುರಿಗೇ ನನ್ನ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ನಾನು ಬಿ.ಕಾಂ. ಎರಡನೇ ವರ್ಷಕ್ಕೇ ಬಿಟ್ಟವನು. ಆದರೂ ಈ ವಿಷಯದಲ್ಲಿ ಎರಡು ಮಾತು ಹೇಳುವಷ್ಟು ಪೆಟ್ಟು ತಿಂದಿದ್ದೇನೆ.

ಖಗೋಳ ವಿಜ್ಞಾನ, ಖಭೌತ ವಿಜ್ಞಾನ (ಆಸ್ಟ್ರೋಫಿಸಿಕ್ಸ್), ಗ್ರಹ ವಿಜ್ಞಾನ, ಸ್ಪೇಸ್ ಸೈನ್ಸ್, ಏರೋಸ್ಪೇಸ್ ಎಲ್ಲವನ್ನೂ ಒಂದೇ ಮಂಕರಿಗೆ ತುಂಬಿ, ಮೇಲೆ ಇಸ್ರೋ ಅಂತ ಚೀಟಿ ಅಂಟಿಸಿದ್ದೀರಿ. ಇದೇ ಚೀಟಿ ನೋಡಿ ನಾನೂ ಒಮ್ಮೆ ದುಡ್ಡು ಕಟ್ಟಿದ್ದೆ.

ಚಂದ್ರಯಾನ-3 ಇಳಿದಿದ್ದು 2023ರ ಆಗಸ್ಟ್ 23. ಮಾರನೇ ವರ್ಷ ನನ್ನ ಮಗಳ ಪಿಯುಸಿ ಮುಗಿಯಿತು. ಅವಳಿಗೆ ಮೊದಲಿಂದಲೂ ನಕ್ಷತ್ರದ ಹುಚ್ಚು, ಪಿಎಚ್.ಡಿ.ವರೆಗೂ ಓದಬೇಕು ಅನ್ನುವ ಹಟ. ಒಂದು ಖಾಸಗಿ ಕಾಲೇಜಿನವರು ಸ್ಪೇಸ್ ಸೈನ್ಸ್ ಪದವಿ ಇದೆ, ಇಲ್ಲಿ ಓದಿದರೆ ಸೀದಾ ಸಂಶೋಧನೆಗೇ ಹೋಗಬಹುದು ಅಂದರು. ಬಾಗಿಲಲ್ಲೇ ಆಳೆತ್ತರದ ರಾಕೆಟ್ ಮಾಡೆಲ್ ನಿಲ್ಲಿಸಿದ್ದರು. ನೋಡಿ ಮರುಳಾಗಿ ಸೀಟಿಗೆ ಅಂತ 10,000 ರೂಪಾಯಿ ಕಟ್ಟಿ ಬಂದೆ.

ಆಮೇಲೆ ಒಂದು ರಾತ್ರಿ, ಶಟರ್ ಅರ್ಧ ಎಳೆದು, ಅಪ್ಪ ಮಗಳು ಕೂತೆವು. ಆ ಕೋರ್ಸಿನ ಸಿಲಬಸ್ ಪ್ರಿಂಟ್ ಹಾಕಿದೆ. ಮೈಸೂರಿನ ಕಾಲೇಜೊಂದರ ಮಾಮೂಲಿ ಬಿ.ಎಸ್ಸಿ. ಭೌತಶಾಸ್ತ್ರ-ಗಣಿತದ್ದೂ ಹಾಕಿದೆ. ಮೂರನೆಯದು ಜಾಮ್ ಪರೀಕ್ಷೆಯ ಭೌತಶಾಸ್ತ್ರದ ಸಿಲಬಸ್. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಲು, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ. (ಎಂ.ಎಸ್ಸಿ., ಪಿಎಚ್.ಡಿ. ಎರಡೂ ಒಟ್ಟಿಗೆ) ಸೇರಲು ಬರೆಯುವ ಪರೀಕ್ಷೆ ಅದು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮಗಳು ಜಾಮ್ ಹಾಳೆ ಪಕ್ಕದಲ್ಲಿಟ್ಟುಕೊಂಡು, ಎರಡೂ ಕೋರ್ಸಿನ ಸಿಲಬಸ್ ಮೇಲೆ ಕೆಂಪು ಪೆನ್ನಿನಲ್ಲಿ ಭೌತಶಾಸ್ತ್ರದ ಪಾಠಕ್ಕೆ, ಹಸಿರಿನಲ್ಲಿ ಗಣಿತದ್ದಕ್ಕೆ ಗುರುತು ಹಾಕುತ್ತಾ ಹೋದಳು.

ಮಾಮೂಲಿ ಬಿ.ಎಸ್ಸಿ.ಯ ಹಾಳೆ ಅರಿಶಿನ ಕುಂಕುಮ ಚೆಲ್ಲಿದ ಹಾಗೆ ತುಂಬಿಹೋಯಿತು. ಮೆಕ್ಯಾನಿಕ್ಸ್, ವಿದ್ಯುತ್ತು-ಕಾಂತ, ಉಷ್ಣ, ಬೆಳಕು, ಕ್ವಾಂಟಮ್, ಸೆಮಿಸ್ಟರ್‌ಗೆ ಸೆಮಿಸ್ಟರ್. ಆ ಇನ್ನೊಂದರಲ್ಲಿ ಪುಟ ತಿರುವಿದರೂ ಬಣ್ಣ ಬರಲಿಲ್ಲ. ಬಾಹ್ಯಾಕಾಶದ ಇತಿಹಾಸ, ಉಪಗ್ರಹ ಪರಿಚಯ, ಪರ್ಸನಾಲಿಟಿ ಡೆವಲಪ್‌ಮೆಂಟ್. ಕ್ವಾಂಟಮ್ ಐಚ್ಛಿಕ. ಗಣಿತ ಒಂದೇ ಸೆಮಿಸ್ಟರ್.

ಮಗಳು ಪೆನ್ನಿನ ಮುಚ್ಚಳ ಹಾಕಿ, "ಅಪ್ಪಾ, ಇದರಲ್ಲಿ ನಕ್ಷತ್ರದ ಹೆಸರು ಜಾಸ್ತಿ ಐತೆ, ನಕ್ಷತ್ರ ಯಾಕೆ ಉರೀತದೆ ಅನ್ನೋದು ಇಲ್ಲ" ಅಂದಳು.

10,000 ವಾಪಸ್ ಬರಲಿಲ್ಲ. ಮೂರು ಸಲ ಹೋಗಿ ಕೇಳಿದೆ, ರಸೀದಿಯ ಹಿಂದಿನ ಸಣ್ಣಕ್ಷರ ತೋರಿಸಿದರು. ದಿನವೆಲ್ಲ ಬೇರೆಯವರ ಕಾಗದ ಜೆರಾಕ್ಸ್ ಮಾಡುವ ನಾನು ನನ್ನ ರಸೀದಿಯನ್ನೇ ತಿರುಗಿಸಿ ನೋಡಿರಲಿಲ್ಲ. ಇರಲಿ ಬಿಡಿ.

ಜಾಮ್‌ನಲ್ಲಿ ಖಗೋಳ ವಿಜ್ಞಾನ ಅಂತ ಒಂದು ಪೇಪರೇ ಇಲ್ಲ. ಭೌತಶಾಸ್ತ್ರ ಇದೆ, ಗಣಿತ ಇದೆ, ಭೂವಿಜ್ಞಾನ ಇದೆ. ಐಐಟಿ ಇಂದೋರ್‌ನಲ್ಲಿ ಖಗೋಳ ವಿಜ್ಞಾನದ್ದೇ ಎಂ.ಎಸ್ಸಿ. ಇದೆ, ಅದಕ್ಕೂ ಜಾಮ್ ಬರೆದೇ ಹೋಗಬೇಕು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಂಥ ಕಡೆ ಪಿಎಚ್.ಡಿ.ಗೆ ಸೇರಲು ಬರೆಯುವ ಜೆಸ್ಟ್ ಕೂಡ ಭೌತಶಾಸ್ತ್ರದ್ದೇ. ಪದವಿಯಲ್ಲಿ ಇಷ್ಟು ಸೆಮಿಸ್ಟರ್ ಭೌತಶಾಸ್ತ್ರ, ಇಷ್ಟು ಗಣಿತ ಓದಿರಬೇಕು ಅಂತ ಅರ್ಹತೆಯಲ್ಲೇ ಬರೆದಿರುತ್ತಾರೆ. ಅದನ್ನು ಪಿಯುಸಿ ಮುಗಿದಾಗ ಯಾರೂ ಓದುವುದಿಲ್ಲ. ಮೂರು ವರ್ಷ ಕಳೆದು ನನ್ನ ಕಂಪ್ಯೂಟರ್ ಮುಂದೆ ಕೂತಾಗ ಓದುತ್ತಾರೆ. ಆಗ ಆ ಹುಡುಗರ ಮುಖ ನೋಡುವ ಪಾಡು ನನ್ನದು.

ಅಮೆರಿಕದಲ್ಲಿ ಪದವಿ ಮುಗಿಸಿ ನೇರ ಪಿಎಚ್.ಡಿ.ಗೆ ಸೇರಬಹುದು ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಅವರದು ನಾಲ್ಕು ವರ್ಷದ ಪದವಿ. ನಮ್ಮಲ್ಲಿ ಈಗ ಮತ್ತೆ ಮೂರು ವರ್ಷ. ಅಲ್ಲಿನ ಎಷ್ಟೋ ಕಡೆ ಮೂರು ವರ್ಷದ್ದನ್ನು ಒಪ್ಪುವುದಿಲ್ಲ. ಇಲ್ಲೇ ಎಂ.ಎಸ್ಸಿ. ಮುಗಿಸಿಕೊಂಡು ಹೋಗುವುದು ವಾಸಿ.

ಹಾಗಂತ ಎಲ್ಲರೂ ಭೌತಶಾಸ್ತ್ರವನ್ನೇ ತಗೊಳ್ಳಿ ಅಂತಲೂ ಅಲ್ಲ. ಪಾಂಡವಪುರದ ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಜೇಬಲ್ಲಿ ಸದಾ ಎರಡು ಕಲ್ಲು. ಅವನಿಗೆ ಚಂದ್ರ ಬೇಕು, ಮಂಗಳ ಬೇಕು, ಆದರೆ ಗಣಿತ ಅಂದರೆ ಜ್ವರ. ಅಂಥವನಿಗೆ ಭೂವಿಜ್ಞಾನವೇ ದಾರಿ ಅಂತ ಯಾರೂ ಹೇಳಿರಲಿಲ್ಲ. ಚಂದ್ರಯಾನ-3ರ ರೋವರ್‌ನಲ್ಲಿದ್ದ ಒಂದು ಉಪಕರಣವನ್ನು ಮಾಡಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ. ಚಂದ್ರನ ಮಣ್ಣಿನಲ್ಲಿ ಏನೇನಿದೆ ಅಂತ ಅಳೆದದ್ದು ಅದು. ಆ ಅಂಕಿಗಳನ್ನು ಇಟ್ಟುಕೊಂಡು ಇದು ಅನಾರ್ಥೊಸೈಟ್ ಜಾತಿಯ ಕಲ್ಲು, ಚಂದ್ರ ಒಂದು ಕಾಲಕ್ಕೆ ಕರಗಿದ ಬಂಡೆಯ ಸಮುದ್ರ ಆಗಿತ್ತು ಅಂತ ಹೇಳಬೇಕಾದರೆ ಕಲ್ಲಿನ ಪಾಠ ಗೊತ್ತಿರಬೇಕು ಅಲ್ವಾ? ಲ್ಯಾಂಡರ್ ಪರೀಕ್ಷೆಗೆ ಇಸ್ರೋದವರು ಚಂದ್ರನ ಮಣ್ಣಿನಂಥದ್ದನ್ನು ತಯಾರಿಸಿದ್ದು ತಮಿಳುನಾಡಿನ ಸಿತ್ತಂಪೂಂಡಿಯ ಇದೇ ಜಾತಿಯ ಕಲ್ಲು ಪುಡಿ ಮಾಡಿ. ಭೂವಿಜ್ಞಾನ ವಿಭಾಗ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಗಣಿತದ ಜ್ವರ ಅಲ್ಲೂ ಪೂರ್ತಿ ಬಿಡುವುದಿಲ್ಲ, ಆದರೆ ತಡೆದುಕೊಳ್ಳಬಹುದು.

ರಾಕೆಟ್ ಕಟ್ಟಬೇಕು ಅನ್ನುವವರದು ಬೇರೆಯೇ ರಸ್ತೆ. ಅವರು ಬಿ.ಇ. ಮಾಡಲಿ, ಮೆಕ್ಯಾನಿಕಲ್ ಆದರೂ ಸರಿ, ಏರೋಸ್ಪೇಸ್ ಆದರೂ ಸರಿ. ಇಸ್ರೋ ಕರೆಯುವ ಎಂಜಿನಿಯರ್ ಹುದ್ದೆಗಳಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಿದವರಿಗೇ ಜಾಸ್ತಿ ಜಾಗ. ಬಸ್ಸು ಕಟ್ಟುವವನು ಬೇರೆ, ಕಿಟಕಿ ಪಕ್ಕ ಕೂತು ಊರು ನೋಡುವವನು ಬೇರೆ.

ಖಗೋಳ ಅಂತ ಹೆಸರಿರುವ ಕೋರ್ಸೆಲ್ಲ ಟೊಳ್ಳು ಅಂತ ನಾನು ಹೇಳಲಾರೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಖಗೋಳ ವಿಜ್ಞಾನ ವಿಭಾಗ ಮೊದಲಿಂದ ಇದೆ, ವೀಕ್ಷಣಾಲಯವೂ ಇದೆ. ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ-ತಂತ್ರಜ್ಞಾನ ಸಂಸ್ಥೆ ಐಐಎಸ್‌ಟಿ 2007ರಲ್ಲಿ ಶುರುವಾದದ್ದು, ಅಲ್ಲಿಗೆ ಜೆಇಇ ಅಡ್ವಾನ್ಸ್ಡ್ ಬರೆದು ಹೋಗಬೇಕು. ಅಂಥ ಕಡೆ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಸಿಗದ ನಮ್ಮಂಥವರ ಮಕ್ಕಳ ಮಾತು ನಾನು ಆಡುತ್ತಿರುವುದು.

ಕಪ್ಪುಕುಳಿಯ ಮೇಲೆ ಕೆಲಸ ಮಾಡಿ ಹೆಸರಾದ ಸಿ.ವಿ. ವಿಶ್ವೇಶ್ವರ ಅವರ ಪದವಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ್ದು. ಓದಿದ್ದು ಭೌತಶಾಸ್ತ್ರ. 1975ರಲ್ಲಿ ಆರ್ಯಭಟ ಉಪಗ್ರಹ ಮಾಡಿಸಿದ ಉಡುಪಿ ಕಡೆಯ ಯು.ಆರ್. ರಾವ್ ಪಿಎಚ್.ಡಿ. ಮಾಡಿದ್ದು ಕಾಸ್ಮಿಕ್ ಕಿರಣಗಳ ಮೇಲೆ, ಅದೂ ಭೌತಶಾಸ್ತ್ರವೇ. ಇದನ್ನು ನಮ್ಮ ಭಾವಮೈದನಿಗೆ ಹೇಳಿದರೆ, "ಆ ಕಾಲ ಬೇರೆ ಕಣ್ ಭಾವ" ಅಂದ. ಕಾಲ ಬೇರೆ ಆಗಿರಬಹುದು. ಜಾಮ್ ಸಿಲಬಸ್ ಈ ಕಾಲದ್ದೇ ತಾನೆ?

ಮಗಳು ಈಗ ಮೈಸೂರಿನಲ್ಲಿ ಆ ಮಾಮೂಲಿ ಬಿ.ಎಸ್ಸಿ.ಯ ಮೂರನೇ ವರ್ಷ. ಬೆಳಿಗ್ಗೆ ಟ್ರೈನಿಗೆ ಹೋಗಿ ಸಂಜೆ ಬರುತ್ತಾಳೆ. ಸುಳ್ಳು ಯಾಕೆ, ಎರಡು ವರ್ಷದಲ್ಲಿ ಆಕಾಶದ ಪಾಠ ಹತ್ತು ಗಂಟೆಯೂ ಆಗಿಲ್ಲ ಅಂತ ಗೊಣಗುತ್ತಾಳೆ. ಸ್ಪ್ರಿಂಗ್ ತೂಗುಹಾಕಿ ಅಳೆದೂ ಅಳೆದೂ ಬೇಜಾರಂತೆ. ರಾತ್ರಿ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಾಳೆ, ನಡುವೆ ಗಿರಾಕಿ ಬಂದರೆ ಎದ್ದು ಪ್ರಿಂಟ್ ಕೊಡುತ್ತಾಳೆ. ಪಿಎಚ್.ಡಿ. ಕೈಗೂಡದಿದ್ದರೂ ಭೌತಶಾಸ್ತ್ರದ ಎಂ.ಎಸ್ಸಿ. ಇದ್ದರೆ ಎಲ್ಲಾದರೂ ಪಾಠ ಹೇಳಿಕೊಂಡು ಬದುಕಬಹುದು ಅನ್ನುವುದು ಅವಳಮ್ಮನ ಲೆಕ್ಕ. ಆ ಲೆಕ್ಕವನ್ನು ನಾನು ತಳ್ಳಿಹಾಕಲಾರೆ.

ಮೊನ್ನೆ ಒಬ್ಬ ತಾಯಿ ನಿಮ್ಮ ಪುರವಣಿಯ ಜೆರಾಕ್ಸ್ ಹಿಡಿದು ಬಂದಿದ್ದರು. ಏರೋಸ್ಪೇಸ್ ಅನ್ನುವ ಪದಕ್ಕೆ ಸುತ್ತು ಹಾಕಿದ್ದರು. ಮಗನಿಗೆ ದೂರದರ್ಶಕದಲ್ಲಿ ಶನಿಯ ಉಂಗುರ ನೋಡುವ ಆಸೆಯಂತೆ. ಕೂರಿಸಿ ಟೀ ತರಿಸಿ, ಎರಡು ಸಿಲಬಸ್ ಪ್ರಿಂಟ್ ಹಾಕಿ, ಕೆಂಪು ಪೆನ್ನು ಹಸಿರು ಪೆನ್ನು ಕೈಗೆ ಕೊಟ್ಟೆ. ಪ್ರಿಂಟಿನ ದುಡ್ಡು ತಗೊಂಡೆ, ಹೊಟ್ಟೆಪಾಡು.

ನಿಮ್ಮಲ್ಲಿ ಕೇಳುವುದಿಷ್ಟೇ. ಇನ್ನು ಮುಂದೆ ಕೋರ್ಸಿನ ಹೆಸರು ಹಾಕುವಾಗ ಕೆಳಗೆ ಎರಡು ಸಾಲು ಸೇರಿಸಿ. ಅದರಲ್ಲಿ ಭೌತಶಾಸ್ತ್ರ, ಗಣಿತ ಎಷ್ಟು ಸೆಮಿಸ್ಟರ್ ಇದೆ, ಮುಗಿದ ಮೇಲೆ ಯಾವ ಯಾವ ಪರೀಕ್ಷೆಗೆ ಅರ್ಹತೆ ಸಿಗುತ್ತದೆ, ಅಷ್ಟು. ಜಾಗ ಸಾಲದಿದ್ದರೆ ಆ ರಾಕೆಟ್ ಫೋಟೊವನ್ನು ಸ್ವಲ್ಪ ಚಿಕ್ಕದು ಮಾಡಿ.

— ಒಬ್ಬ ಜೆರಾಕ್ಸ್ ಅಂಗಡಿಯವ, ಮಂಡ್ಯ