ಕೂಸಿನ ಹೊಟ್ಟೆ ಗುಳುಗುಳು ಅಂದರೆ

ಇಳಕಲ್

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ 2 ಗಂಟೆಗೆ ಫೋನ್ ಮಾಡಿ, ಮೊಬೈಲನ್ನು ಕೂಸಿನ ಹೊಟ್ಟೆಯ ಹತ್ತಿರ ಹಿಡಿದೆ. "ಕೇಳಬೇ ಅವ್ವಾ, ಹೆಂಗ ಗುಳುಗುಳು ಅಂತೈತಿ" ಅಂದೆ. ನನಗೆ ಕೇಳಿಸಿದ್ದು ನಿನ್ನ ಅಳು ಮಾತ್ರ. ಆಗ ಹೇಳೋಕೆ ಆಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಆ ಸದ್ದು ರೋಗ ಅಲ್ಲ. ಕರುಳು ಹಾಲನ್ನೂ ಗಾಳಿಯನ್ನೂ ಹಿಂಡಿ ಹಿಂಡಿ ಮುಂದಕ್ಕೆ ತಳ್ಳುತ್ತದೆ, ಅದರ ಸದ್ದು. ನಮ್ಮ ಹೊಟ್ಟೆಯಲ್ಲೂ ಆಗುತ್ತದೆ ಅಲ್ವಾ? ಕೂಸು ಅಳುವಾಗ, ಅವಸರದಲ್ಲಿ ಕುಡಿಯುವಾಗ ಗಾಳಿ ಜಾಸ್ತಿ ನುಂಗುತ್ತದೆ. ಕುಡಿಯುತ್ತಲೇ ಕಕ್ಕ ಮಾಡುವುದೂ ಸಹಜ. ಮೇಲೆ ಹೊಟ್ಟೆ ತುಂಬಿದ ಕೂಡಲೇ ಕೆಳಗೆ ದೊಡ್ಡ ಕರುಳು ಕೆಲಸಕ್ಕೆ ಇಳಿಯುತ್ತದೆ.

ನಿನಗೂ ಒಂದೂವರೆ ತಿಂಗಳಾದಾಗ ಹೀಗೇ ಇತ್ತು. ಸಂಜೆ 6ಕ್ಕೆ ಶುರು ಮಾಡಿದರೆ 9ರವರೆಗೆ ಅಳುತ್ತಿದ್ದೆ. ಮುಖ ಕೆಂಪಗೆ, ಮೊಣಕಾಲು ಹೊಟ್ಟೆಗೆ. ಓಣಿಯ ಮುದುಕಿಯೊಬ್ಬಳು ಹೊಟ್ಟೆಗೆ ಬರೆ ಹಾಕಿಸಿ ಅಂದಳು. ನಾನು ಅರ್ಧ ಒಪ್ಪಿಯೂ ಇದ್ದೆ. ನಿಮ್ಮ ಅಜ್ಜಿ ಬಿಡಲಿಲ್ಲ. ನಿನ್ನನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನು ಸವರುತ್ತಾ ಪಡಸಾಲೆ ತುಂಬ ಓಡಾಡಿದರು. ಎಷ್ಟೋ ಹೊತ್ತಿಗೆ ದೊಡ್ಡದಾಗಿ ತೇಗಿದೆ. ಅವರ ಸೆರಗಿನ ಮೇಲೆ ಒಡೆದ ಹಾಲು ಬಿತ್ತು. "ಗಾಳಿ ಹೋತು ನೋಡು" ಅಂದರು. 4 ತಿಂಗಳಿಗೆ ಆ ಅಳು ತಾನೇ ನಿಂತಿತು.

ಅರೆದು ಕುಡಿಸುವ ಗುಟ್ಟಿ ಮದ್ದು, ಬಜೆ, ಜೇನು, ಗ್ರೈಪ್ ವಾಟರ್ ಏನೂ ಬೇಡ. 6 ತಿಂಗಳವರೆಗೆ ಬರೀ ಎದೆಹಾಲು, ಬಿರುಬಿಸಿಲಲ್ಲೂ ನೀರು ಬೇಡ. ನಾನು ನಿನಗೆ ಗುಟ್ಟಿ ಅರೆದು ಕುಡಿಸಿದ್ದೆ, ಅದು ತಪ್ಪೇ. ಅತ್ತೆಯವರಿಗೆ ಬೇಜಾರಾದರೆ ನಾನೇ ಮಾತಾಡುತ್ತೇನೆ. ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟು, ಸಾಕು.

ಸದ್ದಿಗಿಂತ ಕೂಸಿನ ಮೇಲೆ ಕಣ್ಣಿಡು. ಚೆನ್ನಾಗಿ ಕುಡಿದು, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಸುಮ್ನೆ ಹೆದರಬೇಡ. ಆದರೆ ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಉಬ್ಬಿ ಗಟ್ಟಿಯಾದ ಹೊಟ್ಟೆ, 100.4 ಡಿಗ್ರಿ ಮುಟ್ಟಿದ ಜ್ವರ, ಮೊಲೆ ಹಿಡಿಯದೆ ಮಂಕಾಗಿರುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ. ಬೆಳಗಾವಿ ಜಿಲ್ಲಾಸ್ಪತ್ರೆಗೆ ಆಗಲೇ ಹೊರಡು.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಅಂಟಿನುಂಡೆ ಕಟ್ಟಿಟ್ಟಿದ್ದೇನೆ. ಆ ರಾತ್ರಿ ಕೂಸು ನನ್ನ ಹೆಗಲ ಮೇಲಿರಲಿ. ನೀನು ಮಲಗು.

ನಿನ್ನ ಅವ್ವ