ಮಗಳ ಮಾತ್ರೆ ನಿಂತಿತು, ಇವರಿಗೆಲ್ಲ ನಮಸ್ಕಾರ

ಮಗಳ ಫಿಟ್ಸ್ ಮಾತ್ರೆಯನ್ನು ಕಳೆದ ವಾರ ಡಾಕ್ಟರು ಪೂರ್ತಿ ನಿಲ್ಲಿಸಿದರು. ಸ್ಕ್ಯಾನಿನಲ್ಲಿ ಮಿದುಳಿನ ಗಂಟು ಕರಗಿದೆ. ಒಬ್ಬೊಬ್ಬರಿಗೇ ಫೋನು ಮಾಡಿ ತೀರಿಸುವ ಋಣವಲ್ಲ; ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ. ಕೈಗೆ ಬೀಗದ ಕೈ ಹಿಡಿಸಿ ಎನ್ನುವವರೇ ಸುತ್ತ ನೆರೆದಿದ್ದಾಗ, “ಅದೆಲ್ಲ ಬೇಡ, ಮಗ್ಗುಲಿಗೆ ಮಲಗಿಸಿ. ಮತ್ತೆ ಬಂದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ” ಎಂದವರು ಅವರು. ಪಕ್ಕದ ಮನೆಯ ಹುಡುಗ ತೆಗೆದ ವಿಡಿಯೊದಲ್ಲಿ ಮೊದಲು ಬಲಗೈ ಹೆಬ್ಬೆರಳು ಅದುರಿ, ಬಾಯಿ ಒಂದು ಕಡೆಗೆ ಎಳೆದು, ಆಮೇಲೆ ಪ್ರಜ್ಞೆ ತಪ್ಪಿದ್ದು ಕಾಣುತ್ತಿತ್ತು. ಅದನ್ನು ನೋಡಿಯೇ ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ತೊಂದರೆ ಮಿದುಳಿನ ಎಡಭಾಗದಲ್ಲಿರಬೇಕೆಂದು ಅಂದಾಜಿಸಿ ಸಿಟಿ ಸ್ಕ್ಯಾನಿಗೆ ಬರೆದರು.

ಸ್ಕ್ಯಾನಿನಲ್ಲಿ ಕಂಡದ್ದು ಒಂದೇ ಒಂದು ಉಂಗುರದಂತಹ ಗಂಟು. ಕ್ಷಯದ್ದೋ, ಲಾಡಿಹುಳುವಿನ ಮರಿಯದ್ದೋ? ಇಲ್ಲಿ ನಾನು ಕಂಡಿರದ ಒಬ್ಬರಿಗೂ ಕೈಮುಗಿಯಬೇಕು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ಒಂಟಿ ಗಂಟು ಹುಳುವಿನ ಮರಿಯದ್ದೇ ಎಂದು ಗುರುತಿಸಲು ಮಾನದಂಡ ರೂಪಿಸಿದ್ದಾರೆ: ಗಂಟು 20 ಮಿ.ಮೀ. ಮೀರಿರಬಾರದು, ಮಿದುಳಿನ ನಡುಗೆರೆ ಸರಿದಿರಬಾರದು, ತಲೆಯೊಳಗಿನ ಒತ್ತಡ ಏರಿರಬಾರದು, ಕೈಕಾಲಿನ ಬಲ ದಿನೇ ದಿನೇ ಕುಂದುತ್ತಿರಬಾರದು, ಮೈಯಲ್ಲಿ ಬೇರೆ ಕಾಯಿಲೆಯ ಸುಳಿವಿರಬಾರದು. ನಮ್ಮವಳದ್ದು 11 ಮಿ.ಮೀ.; ಒಳಗೊಂದು ಬಿಳಿ ಚುಕ್ಕೆ, ಹುಳುವಿನ ತಲೆಯಂತೆ. ಎದೆಯ ಎಕ್ಸ್‌ರೇ ಸ್ವಚ್ಛ. ಹೀಗೆ ಎಲ್ಲವೂ ಹೊಂದಿ, ಲಾಡಿಹುಳುವಿನ ಮರಿಯದ್ದೇ ಎಂದು ತೀರ್ಮಾನವಾಗಿ, ತಲೆ ತೆರೆಯುವುದೂ ತಪ್ಪಿತು, ತಿಂಗಳುಗಟ್ಟಲೆ ಕ್ಷಯದ ಮಾತ್ರೆಯೂ ತಪ್ಪಿತು.

ಹುಳು ಸಾಯಿಸುವ ಆಲ್ಬೆಂಡಜೋಲ್ ಮಾತ್ರೆ ಕೊಡುವ ಮೊದಲು ಕಣ್ಣು ನೋಡಲೇಬೇಕಂತೆ. ಕಣ್ಣೊಳಗೆ ಹುಳುವಿದ್ದರೆ ಅದು ಸಾಯುವಾಗ ಬರುವ ಊತದಿಂದ ದೃಷ್ಟಿಗೇ ಅಪಾಯ. ಬಾಗಿಲು ಹಾಕುವ ಹೊತ್ತಾಗಿದ್ದರೂ ಕೂತು ನೋಡಿದ ಕಣ್ಣಿನ ಡಾಕ್ಟರಿಗೆ ಧನ್ಯವಾದ.

ಲ್ಯಾಬಿನವರಿಗೆ ಧನ್ಯವಾದದ ಜೊತೆಗೆ ಕ್ಷಮೆಯನ್ನೂ ಕೇಳಬೇಕು, ನಮ್ಮತ್ತೆಯವರ ಪರವಾಗಿ. ಮೊಟ್ಟೆಯನ್ನೂ ಮುಟ್ಟದ ಮನೆಗೆ ಹಂದಿಯ ಹುಳುವೇ ಎಂದು ಅವರು ಕೆರಳಿದ್ದರು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರಿಗೆ ಈ ಲಾಡಿಹುಳು ಕರುಳಿನಲ್ಲಿ ಬೆಳೆಯಬಹುದು, ಅಂಥವರ ಮಲದಿಂದ ಬಂದ ಹುಳುವಿನ ಮೊಟ್ಟೆ ಸೊಪ್ಪು, ನೀರು, ಕೈಗಳ ಮೂಲಕ ಯಾರ ಹೊಟ್ಟೆಗೂ ಸೇರಬಹುದು, ಮಿದುಳಿಗೆ ಹೋಗುವುದು ಆ ಮೊಟ್ಟೆಯ ಮರಿ ಎಂದು ಲ್ಯಾಬಿನವರು ತಾಳ್ಮೆಯಿಂದ ತಿಳಿಸಿ, ಮನೆಮಂದಿಯ ಮಲಪರೀಕ್ಷೆಯನ್ನೂ ಮಾಡಿದರು. ಅತ್ತೆಯವರಿಗೆ ಇನ್ನೂ ಮುನಿಸಿದೆ, ಆದರೆ ಕೊತ್ತಂಬರಿಯನ್ನು ಈಗ ಮೂರು ನೀರಿನಲ್ಲಿ ತೊಳೆಯುತ್ತಾರೆ.

ಹಳೆಯ ಸ್ಕ್ಯಾನ್ ಫಿಲ್ಮುಗಳು ಹೊಸ ಡಾಕ್ಟರುಗಳಿಗೆ ಕಲಿಸಲು ಬೇಕೆಂದು ತಾಲ್ಲೂಕು ಆಸ್ಪತ್ರೆಯವರು ಕೇಳಿದ್ದಾರೆ. ಸೋಮವಾರ ಕೊಟ್ಟು ಬರುತ್ತೇನೆ.