ಗೋಪುರ ಹಿಂದಕ್ಕೆ ವಾಲೋದು ಯಾಕೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಗೋಪುರದ ಫೋಟೊ ನೋಡಿದೆ. ಬೆಳಕು ಚೆನ್ನಾಗಿ ಸಿಕ್ಕಿದೆ, ಆದರೆ ಗೋಪುರ ಹಿಂದಕ್ಕೆ ಒರಗಿದ ಹಾಗಿದೆ. ತಪ್ಪು ಲೆನ್ಸಿನದ್ದಲ್ಲ. ತುದಿ ಹಿಡಿಸಬೇಕು ಅಂತ ಕ್ಯಾಮೆರಾದ ಮೂತಿ ಎತ್ತಿದೆಯಲ್ಲ, ಅಲ್ಲೇ ಕೆಟ್ಟಿತು. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಮಾತ್ರ ನೆಟ್ಟಗಿನ ಗೆರೆಗಳು ನೆಟ್ಟಗೇ ಬರುತ್ತವೆ. ಎತ್ತಿದೆಯೋ, ಎರಡು ಅಂಚುಗಳೂ ಮೇಲೆ ಹೋಗ್ತಾ ಒಂದರತ್ತ ಒಂದು ವಾಲುತ್ತವೆ.

ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ, ಅದರೊಳಗಿನ ಎಲೆಕ್ಟ್ರಾನಿಕ್ ಲೆವೆಲ್ ನೋಡಿ ಎರಡೂ ದಿಕ್ಕಿಗೆ ಮಟ್ಟ ಮಾಡು. ತುದಿ ಹಿಡಿಸದಿದ್ದರೆ ಹಿಂದೆ ಸರಿ. ಕೆಳಗರ್ಧ ಬರೀ ರಸ್ತೆ ಬರುತ್ತೆ, ಬರಲಿ, ಆಮೇಲೆ ಕ್ರಾಪ್ ಮಾಡಿದರಾಯ್ತು. ಎದುರಿನ ಕಟ್ಟಡದಲ್ಲಿ ಅರ್ಧ ಎತ್ತರದ ಮಹಡಿಗೆ ಹತ್ತಲು ಬಿಟ್ಟರಂತೂ ಅರ್ಧ ಕೆಲಸ ಮುಗಿದ ಹಾಗೆ. ಶಿಫ್ಟ್ ಲೆನ್ಸ್ ಬಾಡಿಗೆಗೆ ಸಿಕ್ಕರೆ ಬಿಡಬೇಡ; ಕ್ಯಾಮೆರಾ ಎತ್ತದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದು. ಕ್ಯಾನನ್‌ನ 24 ಎಂಎಂ ಶಿಫ್ಟ್ ಲೆನ್ಸ್ 12 ಮಿಲಿಮೀಟರ್ ಸರಿಯುತ್ತದೆ. ಉದ್ದುದ್ದ ನಿಲ್ಲಿಸಿದಾಗ ಫುಲ್ ಫ್ರೇಮ್ ಸೆನ್ಸರಿನ ಎತ್ತರ 36 ಮಿಲಿಮೀಟರ್. ಹಾಗಾಗಿ ನಡುವಿದ್ದ ದಿಗಂತ ತಳದಿಂದ 6 ಮಿಲಿಮೀಟರಿಗೆ ಇಳಿಯುತ್ತದೆ, ರಸ್ತೆಯ ಜಾಗವೆಲ್ಲ ಗೋಪುರಕ್ಕೆ!

ಸಾಫ್ಟ್‌ವೇರಿನಲ್ಲೂ ನೆಟ್ಟಗೆ ಮಾಡಬಹುದು. ಆದರೆ ಅದು ಮೇಲ್ಭಾಗವನ್ನು ಎಳೆದು ಅಗಲ ಮಾಡುತ್ತದೆ, ಅಲ್ಲಿ ವಿವರ ಮಸುಕಾಗುತ್ತದೆ, ಅಂಚುಗಳು ಕತ್ತರಿಸಿ ಹೋಗುತ್ತವೆ. ಸುತ್ತ ಜಾಗ ಬಿಟ್ಟೇ ತೆಗಿ. ತುಂಬ ಎತ್ತಿ ತೆಗೆದದ್ದನ್ನು ಪೂರ್ತಿ ನೇರ ಮಾಡಿದರೆ ಗೋಪುರದ ತಲೆ ದಪ್ಪಗೆ ಕಾಣುತ್ತೆ. ಒಂಚೂರು ವಾಲು ಉಳಿಸು.

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) 100, ಅಪರ್ಚರ್ (ಲೆನ್ಸಿನ ತೂತು) ಎಫ್/8. ಎಫ್/22ಕ್ಕೆ ಹೋದರೆ ತೂತು ತೀರ ಕಿರಿದಾಗಿ, ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಶಟರಿಗೆ 2 ಸೆಕೆಂಡಿನ ಟೈಮರ್ ಇಡು. ಜನ ಓಡಾಡುತ್ತಿದ್ದರೆ ಬೆಳಕನ್ನು ಸುಮಾರು ಸಾವಿರ ಪಟ್ಟು ತಗ್ಗಿಸುವ 10 ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕು: ಶಟರ್ 1/60 ಸೆಕೆಂಡ್ ಇದ್ದದ್ದು ಸುಮಾರು 17 ಸೆಕೆಂಡ್ ಆಗುತ್ತೆ, ನಡೆಯುವವರು ಮಾಯ. ನಿಂತು ಮೊಬೈಲ್ ನೋಡುವವರು ಮಾತ್ರ ದೆವ್ವದ ಹಾಗೆ ಉಳಿದುಬಿಡ್ತಾರೆ.

ಬಿಸಿಲಿಲ್ಲ ಅಂತ ವಾಪಸ್ ಬರಬೇಡ. ಇಲ್ಲಿ ಜರ್ಮನಿಯ ಛಾಯಾಗ್ರಾಹಕರಾದ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ನೀರಿನ ಟ್ಯಾಂಕು, ಕುಲುಮೆಗಳನ್ನೆಲ್ಲ ಮೋಡ ಕವಿದ ದಿನಗಳಲ್ಲೇ ತೆಗೆದರು; ನೆರಳು ಅಡ್ಡ ಬರದೆ ಆಕಾರವೊಂದೇ ಎದ್ದು ಕಾಣುತ್ತದೆ. ಕೆತ್ತನೆ ಇರುವ ಗೋಡೆಗೆ ಮಾತ್ರ ಇದು ಸಲ್ಲ. ಅದಕ್ಕೆ ಪಕ್ಕದಿಂದ ಸವರಿಕೊಂಡು ಹೋಗುವ ಬಿಸಿಲೇ ಬೇಕು, ಎದುರು ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆ.

ಮುಂದಿನ ಸಲ ಕ್ರಾಪ್ ಮಾಡದ ಫೈಲನ್ನೇ ಕಳಿಸು, ಕ್ಯಾಮೆರಾ ಎಷ್ಟು ವಾಲಿತ್ತು ನೋಡೋಣ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಅಕ್ಕ